ನಡೆಗೆ ಮೂರು ದಿನ

ಕಳೆದ ತಿಂಗಳು ಚದುರಂಗದ ಆಟವೊಂದನ್ನು ಗೆದ್ದೆ. ಗೆದ್ದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎದುರಾಳಿಯ ಮುಖವನ್ನು ನಾನು ಕಂಡವನಲ್ಲ. ಅವರು ಕಡಲಾಚೆ, ನಾನು ಈಚೆ. ಅಂತರ್ಜಾಲದ ಮೂಲಕ ಒಂದೆರಡು ದಿನಕ್ಕೊಮ್ಮೆ ಒಂದೊಂದು ನಡೆ. ನನ್ನ ಮಂತ್ರಿ ಬಿದ್ದಿತ್ತು, ರಾಜ ಮೂಲೆ ಸೇರಿದ್ದ. ಇನ್ನೆರಡು ನಡೆಗಳಲ್ಲಿ ಸೋಲು ನಿಶ್ಚಿತವಾಗಿತ್ತು. ಹೀಗಿರಲು ಒಂದು ಮುಂಜಾನೆ ನೋಡುತ್ತೇನೆ: ಎದುರಾಳಿಯ ಗಡುವು ಮೀರಿದೆ, ಜಯ ನನ್ನದು!

ಇದೆಂತಹ ನ್ಯಾಯವೆಂದು ವಾಚಕರು ಕೇಳಬಹುದು. ದೂರದ ಆಟಕ್ಕೆ ಗಡುವಿಲ್ಲದಿದ್ದರೆ ಸೋಲುವವನು ಉತ್ತರವನ್ನೇ ಕೊಡನು. ಆಟ ಮುಗಿಯುವುದೇ ಇಲ್ಲ. 1824ರಲ್ಲಿ ಲಂಡನ್ ಮತ್ತು ಎಡಿನ್‌ಬರೋ ನಗರಗಳ ಕ್ಲಬ್ಬುಗಳು ಅಂಚೆಯ ಮೂಲಕ ಆರಂಭಿಸಿದ ಪಂದ್ಯ ಮುಗಿದದ್ದು 1828ರಲ್ಲಿ. ಮುಂದೆ ಅಂತರರಾಷ್ಟ್ರೀಯ ಪತ್ರಚದುರಂಗ ಒಕ್ಕೂಟದ ಅಂಚೆಯ ಆಟಗಳಲ್ಲಿ 10 ನಡೆಗಳಿಗೆ 30 ದಿನಗಳೆಂಬ ಲೆಕ್ಕ ರೂಢಿಯಾಯಿತು. ಆದರೆ ಕಾಗದ ದಾರಿಯಲ್ಲಿದ್ದ ದಿನಗಳು ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಕಾಗದ ಕೈಸೇರಿದಂದಿನಿಂದ ಉತ್ತರ ಡಬ್ಬಿಗೆ ಬೀಳುವವರೆಗಿನ ಕಾಲವನ್ನಷ್ಟೇ ಎಣಿಸುತ್ತಿದ್ದರು.

ಈಗ ನಡೆ ಕ್ಷಣಮಾತ್ರದಲ್ಲಿ ತಲುಪುತ್ತದೆ. ದಾರಿಯೇ ಇಲ್ಲದ ಮೇಲೆ ದಾರಿಯ ವಿರಾಮವೆಲ್ಲಿಯದು? ಒಬ್ಬನ ಗಡಿಯಾರ ನಿಂತೊಡನೆ ಇನ್ನೊಬ್ಬನದು ಓಡತೊಡಗುತ್ತದೆ.

ಲೆಕ್ಕದ ಬಗೆ ಮುಖ್ಯವಾಗಿ ಎರಡು. ಒಂದು, ನಡೆಗೆ ಇಂತಿಷ್ಟು ದಿನವೆಂಬುದು. ಇದು ಛತ್ರದ ಊಟದಂತೆ: ಇಂದು ಉಣ್ಣದೆ ಬಿಟ್ಟದ್ದು ನಾಳೆಯ ಎಲೆಗೆ ಬರುವುದಿಲ್ಲ. ಮೂರು ದಿನದ ನಡೆಯನ್ನು ಮೂರು ನಿಮಿಷದಲ್ಲಿ ಮುಗಿಸಿದರೂ ಮುಂದಿನದಕ್ಕೆ ಮತ್ತೆ ಮೂರೇ ದಿನ. ಇನ್ನೊಂದು, ಒಕ್ಕೂಟವು 2004ರಲ್ಲಿ ಅಂತರ್ಜಾಲದ ಆಟ ಆರಂಭಿಸಿದ ಮೇಲೆ ಬಳಕೆಗೆ ಬಂದ, 10 ನಡೆಗಳಿಗೆ 50 ದಿನಗಳೆಂಬ ಕ್ರಮ. ಇಲ್ಲಿ ಉಳಿಸಿದ ದಿನಗಳು ಬ್ಯಾಂಕಿನ ಠೇವಣಿಯಂತೆ ಮುಂದಕ್ಕೆ ಜಮೆಯಾಗುತ್ತವೆ. ಆದರೆ ಒಂದೇ ನಡೆಗೆ 20 ದಿನ ಮೀರಿದರೆ ಆಮೇಲಿನ ಪ್ರತಿ ದಿನವನ್ನೂ ಎರಡಾಗಿ ಎಣಿಸುವ ದಂಡವೂ ಉಂಟು. ಕಾಯಿಲೆ, ಮದುವೆ, ಪ್ರವಾಸಗಳಿಗೆ ರಜೆಯ ಅನುಕೂಲ ಹಲವೆಡೆ ಇದೆ. ಗಡುವು ತೀರುವ ಮೊದಲೇ ಅದನ್ನು ಪಡೆಯಬೇಕು, ಅಷ್ಟೆ.

ನನ್ನ ಎದುರಾಳಿ ಪಡೆದಿರಲಿಲ್ಲ. ನಾಲ್ಕು ದಿನಗಳ ಮೇಲೆ ಅವರಿಂದ ಎರಡು ಸಾಲು ಬಂದಿತು: ಪತ್ನಿ ಆಸ್ಪತ್ರೆಯಲ್ಲಿದ್ದುದರಿಂದ ಆಟದ ನೆನಪೇ ಆಗಲಿಲ್ಲವಂತೆ, ಗೆದ್ದ ನನಗೆ ಅಭಿನಂದನೆಗಳಂತೆ.

ಹೊಸ ಆಟಕ್ಕೆ ಕರೆ ಕಳುಹಿಸಿದ್ದೇನೆ. ಬಿಳಿಯ ಕಾಯಿಗಳು ಅವರಿಗೆ. ನಡೆಗೆ 14 ದಿನ. ಉತ್ತರ ಇನ್ನೂ ಬಂದಿಲ್ಲ. ಈ ಬಾರಿ ನನಗೆ ಅವಸರವಿಲ್ಲ.