ಓದಿಸಿದವರೇ ಅಂಕ ಹಾಕಿಕೊಳ್ಳುವುದು ಸಾಕು

ಓದು ಕಲಿಸುವ ಯೋಜನೆಗಳಿಗೆ ಕರ್ನಾಟಕದಲ್ಲಿ ಎಂದೂ ಬರ ಬಂದಿಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿಕಲಿ ರಾಜ್ಯವೆಲ್ಲ ಹಬ್ಬಿತು. ನಾಲ್ಕು, ಐದನೇ ತರಗತಿಯವರಿಗೆ 'ಓದು ಕರ್ನಾಟಕ' ಬಂತು. ಕೊರೊನಾ ಕಾಲದಲ್ಲಿ ಪಂಚಾಯಿತಿ ಗ್ರಂಥಾಲಯಗಳಲ್ಲಿ 'ಓದುವ ಬೆಳಕು', ಅದು ಮುಗಿದ ಮೇಲೆ 'ಕಲಿಕಾ ಚೇತರಿಕೆ'. ಇವುಗಳ ಜೊತೆಗೆ ಕಂಪನಿಗಳ ಸಿಎಸ್‌ಆರ್ ದುಡ್ಡಿನ ಓದಿನ ಮೂಲೆಗಳು, ಪುಸ್ತಕದ ಕಿಟ್‌ಗಳು, ಶಿಬಿರಗಳು. ಬೆಂಗಳೂರಿನಿಂದ ಬೆಳಗ್ಗೆ ಹೊರಟು ಸಂಜೆಗೆ ವಾಪಸಾಗುವಷ್ಟು ಹತ್ತಿರವಿರುವ ತುಮಕೂರು, ಗುಬ್ಬಿ, ಕುಣಿಗಲ್‌ನ ಶಾಲೆಗಳಿಗೆ ಇಂಥ ನೆಂಟರು ಹೊಸಬರಲ್ಲ.

ನನ್ನ ತಕರಾರು ಯೋಜನೆಗಳ ಮೇಲಲ್ಲ. ಅವು ಮುಗಿದ ಮೇಲೆ ಬರುವ ವರದಿಗಳ ಮೇಲೆ. ಇಷ್ಟು ಶಾಲೆ, ಇಷ್ಟು ಶಿಕ್ಷಕರಿಗೆ ತರಬೇತಿ, ಇಷ್ಟು ಪುಸ್ತಕ ವಿತರಣೆ, ಕೊನೆಗೊಂದು ಸ್ತಂಭಚಿತ್ರ: ಜೂನ್‌ನಲ್ಲಿ ಓದಲು ಬಾರದಿದ್ದವರು ಮಾರ್ಚ್‌ನಲ್ಲಿ ಓದುತ್ತಿದ್ದಾರೆ. ಒಂಬತ್ತು ತಿಂಗಳು ಶಾಲೆಗೆ ಬಂದ ಮಗು ಏನೂ ಕಲಿಯದೆ ಇರುತ್ತದೆಯೇ? ಆ ಏರಿಕೆಯಲ್ಲಿ ಯೋಜನೆಯ ಪಾಲೆಷ್ಟು, ಟೀಚರ ದಿನನಿತ್ಯದ ಪಾಠದ ಪಾಲೆಷ್ಟು, ಮಗು ಒಂದು ವರ್ಷ ದೊಡ್ಡದಾದದ್ದರ ಪಾಲೆಷ್ಟು ಎಂಬುದೇ ನಿಜವಾದ ಪ್ರಶ್ನೆ. ಅದನ್ನು ಯಾರೂ ಕೇಳುವುದಿಲ್ಲ.

ಮನೆಮನೆಗೆ ಹೋಗಿ ಮಕ್ಕಳ ಓದನ್ನು ಅಳೆಯುವ ಅಸರ್ ಸಮೀಕ್ಷೆಯ ಅಂಕಿ ನೋಡಿ. ದೇಶದ ಹಳ್ಳಿಗಳ ಸರ್ಕಾರಿ ಶಾಲೆಯ ಐದನೇ ತರಗತಿಯಲ್ಲಿ ಎರಡನೇ ತರಗತಿ ಮಟ್ಟದ ಪಾಠ ಓದಬಲ್ಲವರು 2018ರಲ್ಲಿ ಶೇ 44.2. ಶಾಲೆ ಮುಚ್ಚಿ ತೆರೆದ ಬಳಿಕ, 2022ರಲ್ಲಿ, ಶೇ 38.5. 2024ಕ್ಕೆ ಮತ್ತೆ ಶೇ 44.8. ಅಂದರೆ 2022ರಲ್ಲಿ ಯಾವ ಸಂಸ್ಥೆ ಯಾವ ತಾಲ್ಲೂಕಿಗೆ ಕಾಲಿಟ್ಟಿದ್ದರೂ, ಏನೂ ಮಾಡದೆ ಕೂತಿದ್ದರೂ, ಎರಡು ವರ್ಷದಲ್ಲಿ ಆರು ಅಂಕದ 'ಸಾಧನೆ' ತೋರಿಸುವ ಅವಕಾಶವಿತ್ತು. ಹೋಲಿಸಿ ನೋಡಲು ಯೋಜನೆ ಬಾರದ ಶಾಲೆಗಳು ಪಕ್ಕದಲ್ಲಿಲ್ಲದಿದ್ದರೆ ಎಲ್ಲರೂ ಗೆದ್ದವರೇ.

ಹಾಗಾದರೆ ಅಸರ್ ಇದೆಯಲ್ಲ ಎನ್ನಬಹುದು. ಅದು ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆಯ ಲೆಕ್ಕದ ಗ್ರಾಮೀಣ ಸಮೀಕ್ಷೆ. ತುಮಕೂರು ನಗರ ಅದರೊಳಗೆ ಬರುವುದೇ ಇಲ್ಲ. ಗುಬ್ಬಿ ಬೇರೆ, ಕುಣಿಗಲ್ ಬೇರೆ ಎಂದು ಹೇಳಲು ಆ ಮಾದರಿ ಸಾಲದು. ಕೇಂದ್ರದ 'ಪರಖ್' ಸಮೀಕ್ಷೆಯೂ ಜಿಲ್ಲೆಯ ಮಟ್ಟಕ್ಕೇ ನಿಲ್ಲುತ್ತದೆ.

ಇನ್ನು ಅಳೆಯುವವರು ಯಾರು? ಸಾಮಾನ್ಯವಾಗಿ ಕಲಿಸಿದವರೇ, ಇಲ್ಲವೇ ಯೋಜನೆ ನಡೆಸಿದವರ ಕಾರ್ಯಕರ್ತರು. ಅಳೆಯುವ ರೀತಿ ಬದಲಾದರೆ ಅಂಕಿ ಏನಾಗುತ್ತದೆ ಎಂದು ಎಸ್ಸೆಸ್ಸೆಲ್ಸಿ ನಮಗೆ ಕಲಿಸಿದೆ. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಕೃಪಾಂಕ ತೆಗೆದ 2025ರಲ್ಲಿ ಶೇ 62.34. ಮಕ್ಕಳು ಎರಡೇ ವರ್ಷದಲ್ಲಿ ಅಷ್ಟು ದಡ್ಡರಾದರೇ? ಮಧ್ಯಪ್ರದೇಶದಲ್ಲಿ ಅರ್ಥಶಾಸ್ತ್ರಜ್ಞ ಅಭಿಜೀತ್ ಸಿಂಗ್ ಸರ್ಕಾರಿ ಪರೀಕ್ಷೆಯ ಪ್ರಶ್ನೆಗಳನ್ನೇ ಅದೇ ಮಕ್ಕಳಿಗೆ ಮತ್ತೆ ಕೊಟ್ಟು ನೋಡಿದಾಗ, ಶಾಲೆಯವರೇ ನಡೆಸಿದ ಪರೀಕ್ಷೆಯ ಅಂಕಗಳು ಬಹಳ ಉಬ್ಬಿದ್ದವು. ಇದಕ್ಕೆ ಶಿಕ್ಷಕರನ್ನು ಬೈದು ಪ್ರಯೋಜನವಿಲ್ಲ. ಕಡಿಮೆ ಬಂದರೆ ನೋಟಿಸ್, ಜಾಸ್ತಿ ಬಂದರೆ ಶಹಭಾಸ್ ಎಂಬ ಇಲಾಖೆಯಲ್ಲಿ ಯಾರು ತಾನೇ ನಿಜ ಬರೆದಾರು?

ಸರ್ಕಾರಕ್ಕೆ ಅಳೆಯುವ ಆಸೆ ಇಲ್ಲವೆಂದಲ್ಲ. 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ತರಲು ಹೋಗಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಡುವವರೆಗೆ ಮಕ್ಕಳನ್ನೂ ಪೋಷಕರನ್ನೂ ಅಲೆದಾಡಿಸಿತು. ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಎಂಟನೇ ತರಗತಿ ಮುಗಿಯುವ ತನಕ ಮಗು ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲವೆಂದು ಸ್ಪಷ್ಟವಾಗಿ ಹೇಳಿರುವಾಗ ಈ ಹಟ ಬೇಕಿರಲಿಲ್ಲ. ಆದರೆ ಅದನ್ನು ವಿರೋಧಿಸಿದ ನಮ್ಮವರೂ ಪರೀಕ್ಷೆಯ ಜೊತೆಗೆ ಅಳತೆಯನ್ನೇ ಕಿತ್ತೆಸೆದರು. ಮಗುವನ್ನು ಪಾಸು-ಫೇಲು ಮಾಡುವುದು ಬೇರೆ, ಯೋಜನೆಯನ್ನು ಪರೀಕ್ಷೆಗೆ ಕೂರಿಸುವುದು ಬೇರೆ. ಎರಡನೆಯದಕ್ಕೆ ಎಲ್ಲ ಮಕ್ಕಳೂ ಬೇಕಿಲ್ಲ, ಅವರ ಹೆಸರೂ ಬೇಕಿಲ್ಲ.

ಮಾಡುವ ದಾರಿ ಕಷ್ಟದ್ದಲ್ಲ. ಯಾವ ಯೋಜನೆಯೂ ಒಂದೇ ದಿನ ಎಲ್ಲ ಶಾಲೆಗೂ ಮುಟ್ಟುವುದಿಲ್ಲ, ಹಂತಹಂತವಾಗಿಯೇ ಹೋಗುತ್ತದೆ. ಮೊದಲ ಹಂತಕ್ಕೆ ಯಾವ ಕ್ಲಸ್ಟರ್ ಎಂಬುದನ್ನು ಶಾಸಕರ ಶಿಫಾರಸು ನಿರ್ಧರಿಸುವ ಬದಲು ಚೀಟಿ ಎತ್ತಿ ನಿರ್ಧರಿಸಿ. ಗುಬ್ಬಿಗೆ ಕೊಟ್ಟು ಕುಣಿಗಲ್ ಜೊತೆ ಹೋಲಿಸುವುದಲ್ಲ, ಎರಡು ತಾಲ್ಲೂಕಿನ ಬದುಕೇ ಬೇರೆ. ಗುಬ್ಬಿಯೊಳಗೇ, ಕುಣಿಗಲ್‌ನೊಳಗೇ ಚೀಟಿ ಎತ್ತಬೇಕು. ಕೆಲವು ಮಕ್ಕಳನ್ನು ಕಾಯಿಸುವುದು ಅನ್ಯಾಯ ಎನ್ನುವವರು, ಈಗಲೂ ಅವರು ಕಾಯುತ್ತಲೇ ಇದ್ದಾರೆ ಎಂಬುದನ್ನು ಮರೆಯುತ್ತಾರೆ. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಹೀಗೆ ಅಳೆದದ್ದರಿಂದಲೇ, ಊರಿನವರನ್ನು ಸೇರಿಸಿ ಸಭೆ ನಡೆಸಿದರೆ ಕಲಿಕೆ ಒಂದಿನಿತೂ ಬದಲಾಗುವುದಿಲ್ಲ, ಸ್ವಯಂಸೇವಕರು ನಡೆಸಿದ ಓದಿನ ಶಿಬಿರಕ್ಕೆ ಬಂದ ಮಕ್ಕಳು ಮಾತ್ರ ಕಲಿತರು ಎಂಬುದು ತಿಳಿದದ್ದು.

ಅಳತೆಗೋಲು ಕನ್ನಡದ್ದೇ ಆಗಿರಲಿ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪ ಕಲಿಯಬೇಕಾದ ಮಗು ನಾಲ್ಕನೇ ತರಗತಿಯಲ್ಲೂ ಅಕ್ಷರ ಕಲಿಯುತ್ತಲೇ ಇರುತ್ತದೆ ಎಂದು ಸೋನಾಲಿ ನಾಗ್ ಅವರ ಸಂಶೋಧನೆ 2007ರಲ್ಲೇ ತೋರಿಸಿದೆ. 'ಬಸವ' ಎಂದು ಸರಾಗವಾಗಿ ಓದಿ 'ಶಾಸ್ತ್ರಿ'ಯಲ್ಲಿ ಸಿಕ್ಕಿಹಾಕಿಕೊಂಡ ಮಗುವನ್ನು, ನಿಮಿಷಕ್ಕೆಷ್ಟು ಪದ ಎಂಬ ಇಂಗ್ಲಿಷಿನ ಗಡಿಯಾರ ಹಿಡಿದು 'ಓದಲು ಬಾರದವರು' ಪಟ್ಟಿಗೆ ಸೇರಿಸುವುದು ಮೂರ್ಖತನ. ಓದಿದ್ದರ ಅರ್ಥವನ್ನೂ ಕೇಳಬೇಕು. ಗಿಳಿಪಾಠಕ್ಕೆ ಅಂಕ ಬೇಡ. ಪರೀಕ್ಷೆಯ ದಿನ ಗೈರಾದ ಮಕ್ಕಳ ಮನೆಗೂ ಹೋಗಬೇಕು, ಇಲ್ಲದಿದ್ದರೆ ಹಿಂದುಳಿದವರು ತಪ್ಪಿಸಿಕೊಂಡಷ್ಟೂ ಸರಾಸರಿ ಏರುತ್ತದೆ. 2025ರ ದಸರಾ ರಜೆಯಲ್ಲಿ ಜಾತಿ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆ ಸುತ್ತಿಸಿದ ಸರ್ಕಾರಕ್ಕೆ ಮನೆ ಹುಡುಕುವುದು ಗೊತ್ತಿಲ್ಲದ ವಿದ್ಯೆಯಲ್ಲ. ಆದರೆ ಈ ಸಲ ಶಿಕ್ಷಕರನ್ನು ಬಿಟ್ಟುಬಿಡಲಿ. ತುಮಕೂರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟು ಕಳಿಸಲಿ. ಯೋಜನೆ ಮುಗಿದ ವಾರದಲ್ಲಷ್ಟೇ ಅಲ್ಲ, ವರ್ಷ ಕಳೆದ ಮೇಲೂ.

ಎಸ್‌ಡಿಎಂಸಿ ಸದಸ್ಯರಲ್ಲಿ, ಪಂಚಾಯಿತಿಯವರಲ್ಲಿ ಒಂದು ಮನವಿ. ಇನ್ನು ಮುಂದೆ ಓದಿನ ಯೋಜನೆಯೊಂದರ ಯಶಸ್ಸಿನ ವರದಿ ನಿಮ್ಮ ಮುಂದೆ ಬಂದರೆ ಎರಡೇ ಪ್ರಶ್ನೆ ಕೇಳಿ: ಅಳೆದವರು ಯಾರು? ಯೋಜನೆ ಬಾರದ ಶಾಲೆಯ ಮಕ್ಕಳು ಅಷ್ಟೇ ದಿನದಲ್ಲಿ ಎಷ್ಟು ಕಲಿತರು? ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ.