ಮನೆ ಸಿಂಗರಿಸಿ ತೋರಿಸಿದರೆ ಹೆಚ್ಚು ಬೆಲೆ ಸಿಗುತ್ತದೆಯೇ?

ಮಾರುವ ಮನೆಗೆ ತಿಳಿ ಬಣ್ಣ ಬಳಿದು, ಹೊಸ ಸೋಫಾ ಹಾಕಿ ತೋರಿಸಿದರೆ ಬೆಲೆ ಏರುತ್ತದೆ ಎಂಬ ನಂಬಿಕೆ ಅಮೆರಿಕದಲ್ಲಿ ‘ಹೋಮ್ ಸ್ಟೇಜಿಂಗ್’ ಎಂಬ ಉದ್ಯಮವನ್ನೇ ಬೆಳೆಸಿದೆ. ಇದು ಎಷ್ಟು ನಿಜ?

2015ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದರಲ್ಲಿ, ಒಂದೇ ಮನೆಯನ್ನು ಬೇರೆ ಬೇರೆ ಗೋಡೆ ಬಣ್ಣ ಮತ್ತು ಪೀಠೋಪಕರಣಗಳೊಂದಿಗೆ ಕಂಪ್ಯೂಟರಿನಲ್ಲಿ ತೋರಿಸಲಾಯಿತು. ಸಿಂಗರಿಸಿದ ಮನೆ ವಾಸಕ್ಕೆ ಹೆಚ್ಚು ಹಿತವೆನಿಸಿತು. ಆದರೆ ಜನ ಕೊಡಲು ಒಪ್ಪಿದ ಬೆಲೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಅಂದರೆ, ಮನೆ ಇಷ್ಟವಾಗುವುದು ಬೇರೆ, ಅದಕ್ಕೆ ಬೆಲೆ ಕಟ್ಟುವುದು ಬೇರೆ. ಮಾರುವಾಗ ನಾವು ಸಿಂಗಾರಕ್ಕೆ ಸಾಲ ಮಾಡಬೇಕಿಲ್ಲ.

ಕೊಳ್ಳುವಾಗಲಂತೂ ಹೊಸ ಬಣ್ಣ ಕಂಡರೆ ಎಚ್ಚರವಿರಲಿ. ಬಣ್ಣವು ಗೋಡೆಯ ತೇವವನ್ನು ಕೆಲಕಾಲ ಮರೆಮಾಡುತ್ತದೆ, ಸೋರಿಕೆಯನ್ನು ನಿಲ್ಲಿಸುವುದಿಲ್ಲ. ಬಚ್ಚಲಿಗೆ ತಾಗಿದ ಗೋಡೆಯ ಬುಡ, ಚಾವಣಿಯ ಮೂಲೆಗಳನ್ನು ನೋಡೋಣ. ಸಾಧ್ಯವಾದರೆ ಮಳೆ ಬಂದ ಮರುದಿನ ಇನ್ನೊಮ್ಮೆ ಹೋಗೋಣ.