ಸ್ಕ್ರೀನ್‌ಶಾಟಿಗೆ ಮೂಲ ಯಾವುದು?

ಹಾರಂಗಿಯಲ್ಲಿ ಕುಳಿತು ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ನನಗೆ ‘ಮೊಬೈಲ್ ಬಿಟ್ಟು ಓದು’ ಎಂಬ ಬುದ್ಧಿಮಾತು ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ನನ್ನದು ದೂರಶಿಕ್ಷಣ. ಮೈಸೂರಿನಲ್ಲಿ ತರಗತಿ ನಡೆಯುವುದು ವರ್ಷಕ್ಕೆ ಕೆಲವೇ ದಿನ. ಉಳಿದಂತೆ ನೋಟ್ಸ್, ಪರೀಕ್ಷೆಯ ದಿನಾಂಕ, ಡ್ಯೂಯಿ ವರ್ಗೀಕರಣದಲ್ಲಿ ಸಂಖ್ಯೆ ಕಟ್ಟುವಾಗಿನ ಗೊಂದಲ, ಎಲ್ಲವೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ. ಗ್ರೂಪು ಬಿಟ್ಟರೆ ತರಗತಿಯನ್ನೇ ಬಿಟ್ಟಂತೆ. ಆದರೆ ಅಲ್ಲೇ ಹುಟ್ಟುಹಬ್ಬದ ಶುಭಾಶಯ, ಮೀಮ್, ಮದುವೆ ಫೋಟೊ. ನಡುವೆ ಒಂದು ‘ಖಚಿತ ಸುದ್ದಿ’.

ಈ ಖಚಿತ ಸುದ್ದಿಯದ್ದೇ ನಿಜವಾದ ತಲೆನೋವು. ಹರಟೆಯಿಂದ ಹಾಳಾಗುವುದು ಒಂದು ಸಂಜೆ. ಸುಳ್ಳಿನಿಂದ? 2024ರ ಯುಜಿಸಿ–ನೆಟ್ ನೆನಪಿಸಿಕೊಳ್ಳಿ. ಜೂನ್ 18ರಂದು 9 ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆ ಮರುದಿನವೇ ರದ್ದಾಯಿತು. ಪ್ರಶ್ನೆಪತ್ರಿಕೆ ಟೆಲಿಗ್ರಾಂನಲ್ಲಿ ಹರಿದಾಡಿದೆ ಎಂದರು. ಆ ಸ್ಕ್ರೀನ್‌ಶಾಟ್ ತಿದ್ದಿದ್ದು, ಪರೀಕ್ಷೆ ಶುರುವಾದ ಮೇಲಿನ ಚಿತ್ರಕ್ಕೆ ಮುಂಚಿನ ಸಮಯ ಹಾಕಲಾಗಿತ್ತು ಎಂಬುದು ಆಮೇಲೆ ಸಿಬಿಐ ತನಿಖೆಯಲ್ಲಿ ಕಂಡುಬಂತು. ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಮರುಪರೀಕ್ಷೆ ಶುರುವಾದದ್ದು ಆಗಸ್ಟ್ 21ಕ್ಕೆ. ನೆಟ್ ನಂಬಿಕೊಂಡು ಕೆಲಸ ಹುಡುಕುವವರಿಗೆ ಎರಡು ತಿಂಗಳೆಂದರೆ ಕೋಚಿಂಗ್, ರೂಮಿನ ಬಾಡಿಗೆ, ಬಸ್ ಚಾರ್ಜು.

ಮೂಲ ಯಾವುದು, ಯಾರು ಬರೆದದ್ದು, ಯಾವಾಗ? ನಮ್ಮ ಪಠ್ಯ ಶುರುವಾಗುವುದೇ ಈ ಪ್ರಶ್ನೆಗಳಿಂದ. ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸುವುದು. ಕಪಾಟು ಜೋಡಿಸುವುದಷ್ಟೇ ಅದರ ಅರ್ಥವೆಂದು ನನಗನಿಸುವುದಿಲ್ಲ. ನಮ್ಮ ಜಲಾಶಯದ ಪೂರ್ಣ ಮಟ್ಟ 2,859 ಅಡಿ. ಗೇಟು ತೆರೆದ ಹಳೇ ವಿಡಿಯೊವನ್ನು ‘ಈಗಷ್ಟೇ’ ಎಂದು ಕಳಿಸುವವರು ಇಂದಿನ ಮಟ್ಟ ಎಷ್ಟೆಂದು ನೋಡಿದ್ದರೆ ಸಾಕಿತ್ತು.

ನಾನು ಗ್ರೂಪು ನೋಡುವುದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸಂಖ್ಯೆ ಕಟ್ಟುವಾಗ ನಡುವೆ ಫೋನ್ ಕುಯ್ ಎಂದರೆ ಮತ್ತೆ ಮೊದಲಿನಿಂದ. ಸ್ನೇಹಿತೆಯರ ಜೊತೆ ಹರಟೆ ರಾತ್ರಿ ಊಟದ ನಂತರ, ಅದಕ್ಕೆ ಯಾವ ಸಂಕೋಚವೂ ಇಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗಿ ಉಳಿದ ಶಿಸ್ತನ್ನು ಕೊಡಗೇ ಕಲಿಸುತ್ತದೆ!

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ನಾಳೆ ಅಂಥ ಕಡೆ ನಾನು ಕುಳಿತರೆ, ಹುಡುಗರು ಮೊಬೈಲ್ ಚಾಚಿ ‘ಅಕ್ಕಾ, ಈ ನೇಮಕಾತಿ ನಿಜವಾ?’ ಎಂದು ಕೇಳುತ್ತಾರೆ. ಅದಕ್ಕೇ ನಮ್ಮ ಗ್ರೂಪಿನಲ್ಲಿ ಈಗಿಂದಲೇ ಒಂದು ಕಟ್ಟಳೆ: ಪ್ರಕಟಣೆ ಹಾಕುವವರು ಇಲಾಖೆಯ ಜಾಲತಾಣದ ಲಿಂಕನ್ನೂ ಹಾಕಬೇಕು. ‘ಖಚಿತ ಸುದ್ದಿ’ ಕಡಿಮೆಯಾಗಿದೆ. ಮೀಮ್‌ಗೆ ಮಾತ್ರ ಯಾರೂ ಲಿಂಕ್ ಕೇಳುವುದಿಲ್ಲ.